ಸಡಿಲಾದ ಗ್ಯಾಸ್ ಲಿವರು, ಅಪ್ಪನ ಸಹಸ್ರಚಂದ್ರ

ಮೊನ್ನೆ ಭಾನುವಾರ ಅಪ್ಪನ ಸಹಸ್ರಚಂದ್ರ ಶಾಂತಿ ಮುಗಿಯಿತು. ದೇವಸ್ಥಾನದಲ್ಲಿ ಕೊಟ್ಟ ಚೆಂಡುಹೂವಿನ ಹಾರ ಇನ್ನೂ ಕಾರಿನ ರೇಡಿಯೇಟರ್ ಮುಚ್ಚಳದ ಮೇಲೆ ಒಣಗುತ್ತಿದೆ. ತೆಗೆಯಲು ಯಾರಿಗೂ ಮನಸ್ಸಿಲ್ಲ. ಆ ಕಾರಿನ ಸಡಿಲಾದ ಗ್ಯಾಸ್ ಲಿವರು ಸರಿಮಾಡಲು, ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಸ್ಪ್ರಿಂಗಿನ ಹಿಂದೆ ನಾನು ಹತ್ತು ವಾರ ಅಲೆದಿದ್ದೇನೆ. ಇದೇ ಕಾಯಿಲೆಯ ಹಳೇ ಕಾರು ಇನ್ಯಾರದಾದರೂ ಶೆಡ್ಡಿನಲ್ಲಿದ್ದರೆ ಅವರಿಗೆ ಒಂದಷ್ಟು ಓಡಾಟ ಉಳಿಯಲಿ ಅಂತ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಕಾರು 1930ರ ಫೋರ್ಡ್ ಮಾಡೆಲ್ ಎ. ಸಕಲೇಶಪುರದ ಕಡೆಯ ಒಂದು ಕಾಫಿ ತೋಟದವರಿಂದ ತಾತ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದು. ಹತ್ತೊಂಬತ್ತು ವರ್ಷ ಮಾಡೆಲ್ ಟಿಯನ್ನೇ ಮಾಡುತ್ತಾ ಕೂತಿದ್ದ ಫೋರ್ಡ್ ಕಂಪನಿ 1927ರ ಡಿಸೆಂಬರಿನಲ್ಲಿ ಜನರ ಮುಂದೆ ತಂದ ಗಾಡಿ ಇದು. ನಾಲ್ಕು ಸಿಲಿಂಡರು, 3.3 ಲೀಟರ್ ಎಂಜಿನ್ನು, 40 ಅಶ್ವಶಕ್ತಿ. ನಾಲ್ಕೇ ವರ್ಷದಲ್ಲಿ 48 ಲಕ್ಷದಷ್ಟು ಗಾಡಿ ಹೊರಬಂತು. ಅಷ್ಟು ಹೊರಬಂದಿದ್ದರಿಂದಲೇ ಅಮೆರಿಕಾದಲ್ಲಿ ಇವತ್ತಿಗೂ ಇದರ ಬಿಡಿಭಾಗ ಹೊಸದಾಗಿ ಮಾಡಿ ಮಾರುವವರಿದ್ದಾರೆ. ಆದರೆ ಆ ಕಾಲದಲ್ಲಿ ನಮ್ಮ ಕಡೆಗೆ ಬರುತ್ತಿದ್ದ ಬಲಗೈ ಸ್ಟೇರಿಂಗಿನ ಗಾಡಿಗಳು ಕೆನಡಾ ಫೋರ್ಡಿನವು. ಈ ಸಣ್ಣ ವ್ಯತ್ಯಾಸ ಮುಂದೆ ನನ್ನ ಜೇಬಿಗೆ ಕತ್ತರಿ ಹಾಕಿತು.

ಈ ಕಾರು ನೋಡದವರಿಗಾಗಿ ಒಂದು ಮಾತು. ಸ್ಟೇರಿಂಗ್ ಚಕ್ರದ ಕೆಳಗೆ, ಆ ಕಡೆ ಈ ಕಡೆ ಬೆಕ್ಕಿನ ಮೀಸೆಯ ಹಾಗೆ ಎರಡು ಲಿವರು ಇರುತ್ತವೆ. ಒಂದು ಕಿಡಿಯದು, ಅಂದರೆ ಪ್ಲಗ್ಗಿಗೆ ಕಿಡಿ ಬೇಗ ಬರಬೇಕೋ ತಡವಾಗಿ ಬರಬೇಕೋ ಅನ್ನುವುದನ್ನು ಚಾಲಕನೇ ಹೇಳುವುದು. ಇನ್ನೊಂದು ಗ್ಯಾಸಿನದು, ಅಂದರೆ ಎಂಜಿನ್ನಿನ ವೇಗವನ್ನು ಕೈಯಲ್ಲೇ ಹೆಚ್ಚು ಕಡಿಮೆ ಮಾಡುವ ಥ್ರಾಟಲ್. ಕಾಲಿನ ಆಕ್ಸಿಲರೇಟರ್ ಬೇರೆ ಇದೆ, ಆದರೂ ಸ್ಟಾರ್ಟ್ ಮಾಡುವಾಗ, ಎಂಜಿನ್ ಬಿಸಿಯಾಗುವ ತನಕ ಓಡುತ್ತಿರಲು ಇದು ಬೇಕೇ ಬೇಕು. ಎರಡೂ ಲಿವರಿಗೆ ಮೇಲಿನಿಂದ ಕೆಳಕ್ಕೆ ಎಳೆದಾಗ ಹಲ್ಲಿನ ಮೇಲೆ ಹತ್ತಿ ಇಳಿಯುವ ‘ಟಕ್ ಟಕ್’ ಸದ್ದು. ಸ್ಟಾರ್ಟ್ ಮಾಡುವಾಗ ಕಿಡಿಯದು ಪೂರ್ತಿ ಮೇಲಿರಬೇಕು, ಗ್ಯಾಸಿನದು ಮೂರ್ನಾಲ್ಕು ಹಲ್ಲು ಕೆಳಗೆ. ಎಂಜಿನ್ ಹತ್ತಿಕೊಂಡ ಮೇಲೆ ಕಿಡಿಯದನ್ನು ಕೆಳಗಿಳಿಸಬೇಕು. ಅಪ್ಪ ನನಗೆ ಇದನ್ನು ಹೇಳಿಕೊಟ್ಟಿದ್ದು ಎಸ್ಸೆಸ್ಸೆಲ್ಸಿ ರಜೆಯಲ್ಲಿ. ಕಿಡಿ ಲಿವರು ಕೆಳಗಿದ್ದಾಗ ಹ್ಯಾಂಡಲ್ ಹೊಡೆದರೆ ಎಂಜಿನ್ ಹಿಂದಕ್ಕೆ ಒದ್ದು ಮುಂಗೈ ಮುರಿಯುತ್ತೆ ಅಂತ ಹೆದರಿಸಿಯೇ ಕಲಿಸಿದ್ದರು.

ಈಗ ನಮ್ಮ ಲಿವರುಗಳ ಅವಸ್ಥೆ. ಆ ‘ಟಕ್ ಟಕ್’ ಹೋಗಿ ಎಷ್ಟು ವರ್ಷವಾಗಿತ್ತೋ. ಗ್ಯಾಸ್ ಲಿವರನ್ನು ಎಲ್ಲಿಟ್ಟರೂ ನಿಲ್ಲುತ್ತಿರಲಿಲ್ಲ. ಅಪ್ಪ ಒಂದು ಬೆಂಕಿಪೊಟ್ಟಣದ ರಟ್ಟನ್ನು ನಾಲ್ಕಾಗಿ ಮಡಚಿ ಲಿವರಿನ ಸಂದಿಗೆ ತುರುಕಿ ಓಡಿಸುತ್ತಿದ್ದರು. ಮನೆಯಿಂದ ಲಾಲ್‌ಬಾಗ್ ಪಶ್ಚಿಮ ದ್ವಾರದ ತನಕ ಹೋಗಿ ಬರುವ ಗಾಡಿಗೆ ಅಷ್ಟು ಸಾಕು ಅನ್ನುವುದು ಅವರ ವಾದ.

ಸಹಸ್ರಚಂದ್ರ ಮಾಡೋಣ ಅಂದಾಗ ಅಪ್ಪ ಇಟ್ಟಿದ್ದು ಒಂದೇ ಷರತ್ತು. ಮನೆಯಿಂದ ದೊಡ್ಡಗಣಪತಿ ದೇವಸ್ಥಾನದವರೆಗೆ ಕಾರು ತಾನೇ ಓಡಿಸಬೇಕು, ಪಕ್ಕದಲ್ಲಿ ಅಮ್ಮ ಕೂರಬೇಕು. ಲೈಸೆನ್ಸ್ ಇನ್ನೂ ಒಂದೂವರೆ ವರ್ಷ ಇದೆ, ದೂರ ಅರ್ಧ ಕಿಲೋಮೀಟರೂ ಇಲ್ಲ. ಅಲ್ಲಿಂದ ಚಾಮರಾಜಪೇಟೆಯ ಛತ್ರಕ್ಕೆ ನಾನು ಓಡಿಸುವುದು ಅಂತ ಮಾತಾಯಿತು. ಮುಹೂರ್ತ ಸಂಕ್ರಾಂತಿ ಕಳೆದು ಎರಡನೇ ಭಾನುವಾರ. ಇದೆಲ್ಲ ಮಾತಾಡಿದ್ದು ನವೆಂಬರ್ ಮಧ್ಯದಲ್ಲಿ. ಬೇಕಾದಷ್ಟು ಸಮಯವಿದೆ ಅಂದುಕೊಂಡೆ.

ಅದೇ ವಾರ, ಬೆಳಗ್ಗೆ ಆರಕ್ಕೆ ಗಾಂಧಿಬಜಾರಿನ ಕಡೆ ಒಂದು ಸುತ್ತು ಹೋಗೋಣ ಅಂತ ನಾನೇ ತೆಗೆದೆ. ಒಂದು ಹಂಪ್ ಹತ್ತಿ ಇಳಿದಾಗ ರಟ್ಟಿನ ಚೂರು ಉದುರಿತು. ಲಿವರು ತನ್ನ ಭಾರಕ್ಕೆ ತಾನೇ ಕೆಳಗೆ ಜಾರಿತು. ಈ ಕಾರಿನಲ್ಲಿ ಕೆಳಗೆ ಅಂದರೆ ಗ್ಯಾಸ್ ತೆರೆದುಕೊಳ್ಳುವುದು! ಕಾಲು ಆಕ್ಸಿಲರೇಟರಿನ ಮೇಲಿಲ್ಲ, ಎಂಜಿನ್ ಮಾತ್ರ ಕಿರುಚುತ್ತಾ ಮುಂದಕ್ಕೆ ನುಗ್ಗುತ್ತಿದೆ. ಎದುರಿಗೆ ಹೂವಿನ ಬುಟ್ಟಿ ಇಳಿಸುತ್ತಿದ್ದ ಆಟೋ. ಇದರ ಬ್ರೇಕು ಕಂಬಿ ಎಳೆದು ಹಿಡಿಯುವ ಬ್ರೇಕು, ಇವತ್ತಿನ ಕಾರಿನ ಹಾಗೆ ತುಳಿದ ಜಾಗದಲ್ಲಿ ನಿಲ್ಲುವುದಿಲ್ಲ. ಕ್ಲಚ್ ತುಳಿದು ಸ್ವಿಚ್ ಆಫ್ ಮಾಡಿದೆ. ಆಟೋಗೂ ನಮಗೂ ನಡುವೆ ಒಂದು ಮೊಳ ಉಳಿದಿತ್ತು. ಹೂವಿನಮ್ಮ ಬೈಯಲೂ ಇಲ್ಲ, “ಹಳೇ ಗಾಡಿ ಅಲ್ವೇನಮ್ಮ, ನಿಧಾನ” ಅಂದಳು. ನನ್ನ ಕೈ ಮಧ್ಯಾಹ್ನದವರೆಗೂ ನಡುಗುತ್ತಿತ್ತು.

ಆದ್ದರಿಂದ ಮೊದಲ ಮಾತು ಇದು: ಲಿವರು ಸಡಿಲ ಇರುವ ಗಾಡಿಯನ್ನು ರಸ್ತೆಗೆ ತರಬೇಡಿ. ತಂದೇ ತರುತ್ತೀರಾದರೆ, ಕೈ ಸ್ವಿಚ್ಚಿಗೆ ಕಣ್ಣುಮುಚ್ಚಿ ಹೋಗುವಷ್ಟು ಅಭ್ಯಾಸ ಮಾಡಿಕೊಳ್ಳಿ.

ಮೊದಲು ಹೋಗಿದ್ದು ಹಳೇ ಕಾರುಗಳನ್ನು ಚೆನ್ನಾಗಿ ಮಾಡುತ್ತಾರೆ ಅಂತ ಹೆಸರಿದ್ದ ಒಂದು ಗ್ಯಾರೇಜಿಗೆ. ಹೆಸರು ಬೇಡ. ಗಾಡಿಯನ್ನು ಓಡಿಸುವ ಧೈರ್ಯ ಉಳಿದಿರಲಿಲ್ಲ, ಹಾಗಾಗಿ ಫ್ಲಾಟ್‌ಬೆಡ್ ಲಾರಿ. ಹೋಗಲು 2,800, ಬರಲು 2,800. ಅದೂ ಹೇಳಿದ ದಿನಕ್ಕೆ ಬರಲಿಲ್ಲ. ಯಾಕೆಂದರೆ ಅವತ್ತು ಕಾರ್ತಿಕದ ಕಡೇ ಸೋಮವಾರ, ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆ ಪೂರ್ತಿ ಕಡಲೆಕಾಯಿ ರಾಶಿ, ಬೆಂಡು ಬತ್ತಾಸಿನ ಅಂಗಡಿ, ಜನ. ನಮ್ಮ ಬೀದಿಯ ಬಾಯಲ್ಲೇ ಬೊಂಬೆ ಮಾರುವವರು ಕೂತಿದ್ದರು. ಬಸವನಗುಡಿಯಲ್ಲಿ ಹುಟ್ಟಿ ಬೆಳೆದ ನಾನೇ ಅದನ್ನು ಮರೆತು ಲಾರಿ ಹೇಳಿದ್ದೆ! ಪರಿಷೆಯ ಗದ್ದಲ ಕರಗಲು ನಾಲ್ಕು ದಿನ ಹಿಡಿಯಿತು.

ಗ್ಯಾರೇಜಿನವನು ಸ್ಟೇರಿಂಗ್ ಕೆಳಗೆ ಬಗ್ಗಿ ನೋಡಿ, “ಮೇಡಂ, ಹಲ್ಲು ಸವೆದಿದೆ, ಲಿವರ್ ಮೇಲೆದ್ದಿದೆ, ಸ್ವಲ್ಪ ಬಗ್ಗಿಸಿ ಕೂರಿಸ್ತೀನಿ” ಅಂದ. ನನಗೂ ಸರಿ ಅನ್ನಿಸಿತು, ಕಣ್ಣಿಗೆ ಕಾಣುತ್ತಿದ್ದುದು ಅದೇ. ಲಿವರನ್ನು ಇಕ್ಕಳದಲ್ಲಿ ಹಿಡಿದು ಕೆಳಕ್ಕೆ ಬಗ್ಗಿಸಿದ. ಸಂದಿಗೆ ಸೈಕಲ್ ಟ್ಯೂಬಿನ ಒಂದು ತುಂಡು. ಬಿಲ್ಲು 3,500. ಎರಡು ದಿನ ಲಿವರು ಕಲ್ಲಿನ ಹಾಗೆ ನಿಂತಿತು. ಮೂರನೇ ದಿನ ರಬ್ಬರು ಎಂಜಿನ್ನಿನ ಶಾಖಕ್ಕೆ ಮೆತ್ತಗಾಗಿ ಜಾರಿತು, ಲಿವರು ಮತ್ತೆ ಕೆಳಗೆ. ಬಗ್ಗಿಸಿದ ಜಾಗದಲ್ಲಿ ಪಾಲಿಶ್ ಬಿರುಕು ಬಿಟ್ಟಿದ್ದು ಲಾಭ.

ಇದರ ಜೊತೆಗೆ ಇನ್ನೊಂದು ಉಡುಗೊರೆ. ಕಾರು ಮನೆಗೆ ಬಂದ ಮೇಲೆ ಲೈಟು ಹಾಕಿದರೆ, ಬ್ಯಾಟರಿಗೆ ಕರೆಂಟು ಹೋಗುತ್ತಿದೆಯೋ ಅದರಿಂದ ಬರುತ್ತಿದೆಯೋ ತೋರಿಸುವ ಆಮ್‌ಮೀಟರಿನ ಮುಳ್ಳು ಚಾರ್ಜಿನ ಕಡೆಗೆ ಹೋಗುತ್ತಿತ್ತು. ಎಂಜಿನ್ ನಿಂತಿದೆ, ಬ್ಯಾಟರಿ ಅದು ಹೇಗೆ ಚಾರ್ಜ್ ಆಗುತ್ತೆ? ಮಾಡೆಲ್ ಎ ಆರು ವೋಲ್ಟಿನ ಗಾಡಿ, ಅದರಲ್ಲಿ ಚಾಸಿಗೆ, ಅಂದರೆ ಗಾಡಿಯ ಲೋಹದ ಚೌಕಟ್ಟಿಗೆ, ಕೊಡುವುದು ಬ್ಯಾಟರಿಯ ಪಾಸಿಟಿವ್ ತುದಿ. ಇವತ್ತಿನ ಕಾರುಗಳಿಗೆ ತದ್ವಿರುದ್ಧ. ಗ್ಯಾರೇಜಿನ ಹುಡುಗ ಅಭ್ಯಾಸಬಲದಿಂದ ನೆಗೆಟಿವ್ ಅನ್ನು ಚಾಸಿಗೆ ಕೊಟ್ಟಿದ್ದ. ಪುಣ್ಯಕ್ಕೆ ಏನೂ ಸುಡುವ ಮೊದಲು ಅಪ್ಪ ಕಂಡುಹಿಡಿದರು. ನೀವು ಯಾರ ಕೈಗೆ ಗಾಡಿ ಕೊಟ್ಟರೂ ಬ್ಯಾಟರಿ ಪೆಟ್ಟಿಗೆಯ ಮೇಲೆ ಕೆಂಪು ಬಣ್ಣದಲ್ಲಿ, ಕನ್ನಡದಲ್ಲಿ, ದೊಡ್ಡದಾಗಿ ಬರೆದು ಅಂಟಿಸಿ. ಈಗ ನಮ್ಮದರ ಮೇಲೆ “ಪಾಸಿಟಿವ್ ಚಾಸಿಗೆ, ತಿಳಿಯದಿದ್ದರೆ ಮುಟ್ಟಬೇಡಿ” ಅಂತಿದೆ.

ಡಿಸೆಂಬರ್ ಮೊದಲ ವಾರ. ರಾತ್ರಿ ಕೂತು ಅಮೆರಿಕಾದ ಕ್ಯಾಟಲಾಗುಗಳನ್ನು ಓದಿದೆ. ಲಿವರುಗಳ ಕಡ್ಡಿಗೆ ಸ್ಪ್ರಿಂಗು, ವಾಷರು, ಪಿನ್ನಿನ ಒಂದು ಸೆಟ್ಟು ಮಾರುತ್ತಾರೆ ಅಂತ ಗೊತ್ತಾಯಿತು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು, ಸ್ಪ್ರಿಂಗ್ ಅನ್ನುವುದು ಒಂದಿದೆಯಲ್ಲ, ಅದು ನಮ್ಮ ಕಾರಿನಲ್ಲಿ ಎಲ್ಲಿದೆ ಅಂತ. ಬರಲಿಲ್ಲ. ಸ್ಟೇರಿಂಗ್ ಬಾಕ್ಸ್, ಅಂದರೆ ಸ್ಟೇರಿಂಗ್ ಕಂಬದ ಬುಡದ ಗೇರಿನ ಪೆಟ್ಟಿಗೆ, ಏಳು ಹಲ್ಲಿನದೋ ಎರಡು ಹಲ್ಲಿನದೋ ಅಂತ ಕೇಳುತ್ತಾರೆ. ಮೊದಮೊದಲ ಗಾಡಿಗಳದು ಏಳು, ಆಮೇಲಿನವು ಎರಡು. ನಮ್ಮದು 1930ರದಾದ್ದರಿಂದ ಎರಡು ಅಂತ ಆರ್ಡರ್ ಮಾಡಿದೆ. ಇರಲಿ ಅಂತ ಥ್ರಾಟಲಿನ ಅಡ್ಡಕಡ್ಡಿ ಒಂದನ್ನೂ ಸೇರಿಸಿದೆ. ಸಾಮಾನಿಗಿಂತ ಕೊರಿಯರಿಗೇ ಹೆಚ್ಚು, ಎರಡೂ ಸೇರಿ ಏಳು ಸಾವಿರದ ಚಿಲ್ಲರೆ.

ಪಾರ್ಸೆಲ್ಲು ಹನ್ನೆರಡು ದಿನದಲ್ಲಿ ಇಂಡಿಯಾ ಮುಟ್ಟಿತು, ಆಮೇಲೆ ಕಸ್ಟಮ್ಸಿನಲ್ಲಿ ಕೂತಿತು. ಆಧಾರ್ ಕಳಿಸಿ ಅಂದರು, ಕಳಿಸಿದೆ. ಆಧಾರಿನ ವಿಳಾಸಕ್ಕೂ ಪಾರ್ಸೆಲ್ಲಿನ ವಿಳಾಸಕ್ಕೂ ‘ಕ್ರಾಸ್’, ‘ಅಡ್ಡರಸ್ತೆ’ ವ್ಯತ್ಯಾಸ ಅಂತ ವಾಪಸ್. ಕರೆಂಟ್ ಬಿಲ್ ಕಳಿಸಿದೆ, ಅದು ಅಪ್ಪನ ಹೆಸರಲ್ಲಿದೆ ಅಂತ ವಾಪಸ್. ಕಡೆಗೆ ಬ್ಯಾಂಕ್ ಪಾಸ್‌ಬುಕ್ ಒಪ್ಪಿದರು. ಅದಾದ ಮೇಲೆ ಹೊಸ ಪ್ರಶ್ನೆ: ಬಿಲ್ಲಿನಲ್ಲಿ ‘ಆಂಟಿಕ್ ಕಾರ್ ಪಾರ್ಟ್ಸ್’ ಅಂತಿದೆ, ಇದು ಬಳಸಿದ ಹಳೇ ಸಾಮಾನಾ? ಹಳೇ ಸಾಮಾನು ತರಿಸುವುದಕ್ಕೆ ಬೇರೆ ನಿಯಮ, ಬೇರೆ ಪರವಾನಗಿ. ಕಾರು ಹಳೇದು, ಸ್ಪ್ರಿಂಗ್ ಹೊಸದು ಅಂತ ಬರೆದುಕೊಟ್ಟರೆ ಸಾಲದು, ಮಾರಿದವರೇ ಬರೆದುಕೊಡಬೇಕು. ಅವರಿಗೆ ಕ್ರಿಸ್‌ಮಸ್ ರಜೆ. ತರಿಸುವವರು ಆರ್ಡರ್ ಮಾಡುವಾಗಲೇ ಬಿಲ್ಲಿನ ಮೇಲೆ ‘ಹೊಸದಾಗಿ ತಯಾರಿಸಿದ ಭಾಗ’ ಅಂತ ಇಂಗ್ಲಿಷಿನಲ್ಲಿ ಹಾಕಿಸಿಕೊಳ್ಳಿ, ಮತ್ತು ಆಧಾರಿನಲ್ಲಿ ವಿಳಾಸ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ಕೊಡಿ.

ಆ ಹೊತ್ತಿಗೆ ನಾನು ಸೋತಿದ್ದೆ. ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂದಿತ್ತು. ಅಪ್ಪ ಏನೂ ಕೇಳುತ್ತಿರಲಿಲ್ಲ, ಆದರೆ ಸಂಜೆ ಕಾಫಿ ಲೋಟ ಹಿಡಿದುಕೊಂಡು ಶೆಡ್ಡಿಗೆ ಹೋಗಿ ಸುಮ್ಮನೆ ಸ್ಟೇರಿಂಗ್ ಹಿಂದೆ ಕೂತು ಬರುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು.

ಶಿವಾಜಿನಗರದ ದಾರಿ ತೋರಿಸಿದ್ದು ನಮ್ಮ ಸ್ಕೂಟರ್ ರಿಪೇರಿಯ ಹುಡುಗ. “ಗುಜರಿ ಸಾಲಲ್ಲಿ ಒಬ್ಬರು ಭಾಯ್ ಇದಾರೆ ಆಂಟಿ, ವಯಸ್ಸಾಗಿದೆ, ದಿನಾ ಕೆಲಸ ಮಾಡಲ್ಲ. ಹೋಗಿ ಕೇಳಿ.” ಹೋದೆ. ಬೀದಿಯ ತುಂಬ ಕಾರಿನ ಬಾಗಿಲು, ಬಂಪರು, ಗೇರ್‌ಬಾಕ್ಸು. ಭಾಯ್ ಒಂದು ಹಳೇ ಸೀಟಿನ ಮೇಲೆ ಕೂತು ಸುಲೈಮಾನಿ ಚಹಾ ಕುಡಿಯುತ್ತಿದ್ದರು. ಮಾಡೆಲ್ ಎ ಅಂದ ತಕ್ಷಣ ಲೋಟ ಕೆಳಗಿಟ್ಟರು. ಅವರ ಅಪ್ಪನ ಜೊತೆ ಚಿಕ್ಕಂದಿನಲ್ಲಿ ಅಂಥ ಗಾಡಿಗಳಿಗೆ ಹ್ಯಾಂಡಲ್ ಹೊಡೆದಿದ್ದರಂತೆ. “ಗಾಡಿ ತರಬೇಡಿ ಅಮ್ಮಾ, ನಾನೇ ಬರ್ತೀನಿ. ಶುಕ್ರವಾರ ಬಿಟ್ಟು ಯಾವಾಗಾದ್ರೂ.”

ಬುಧವಾರ ಬಂದರು, ಒಂದು ಬಟ್ಟೆಚೀಲ, ಒಬ್ಬ ಮೊಮ್ಮಗ. ನಾನು ಸ್ಟೇರಿಂಗ್ ಹತ್ತಿರ ಕರೆದುಕೊಂಡು ಹೋಗಿ ಬಗ್ಗಿದ ಲಿವರು ತೋರಿಸಿದೆ. ಅವರು ಅದನ್ನು ಒಂದು ಸಲ ಮೇಲೆ ಕೆಳಗೆ ಆಡಿಸಿ ಬಿಟ್ಟುಬಿಟ್ಟರು. “ಮೇಲೆ ಯಾಕೆ ನೋಡ್ತೀರಾ? ಕಾಯಿಲೆ ಕೆಳಗಿದೆ.” ಬಾನೆಟ್ಟಿನ ಬದಿರೆಕ್ಕೆ ಎತ್ತಿದರು.

ವಿಷಯ ಇಷ್ಟೇ. ಲಿವರು ಅನ್ನುವುದು ಒಂದು ಉದ್ದ ಕಡ್ಡಿಯ ಬಗ್ಗಿದ ತುದಿ. ಆ ಕಡ್ಡಿ ಸ್ಟೇರಿಂಗ್ ಕಂಬದ ಉದ್ದಕ್ಕೂ ಇಳಿದು ಕೆಳಗೆ ಎಂಜಿನ್ ಕೋಣೆಯಲ್ಲಿ ಸ್ಟೇರಿಂಗ್ ಬಾಕ್ಸಿನ ಹತ್ತಿರ ಹೊರಬರುತ್ತದೆ. ಆ ತುದಿಯಲ್ಲಿ ಕಡ್ಡಿಗೆ ಸುತ್ತಿದಂತೆ ಒಂದು ಸ್ಪ್ರಿಂಗು, ಅದರ ಕೆಳಗೆ ವಾಷರು, ವಾಷರು ಬೀಳದ ಹಾಗೆ ಅಡ್ಡ ಪಿನ್ನು. ಸ್ಪ್ರಿಂಗು ಕಡ್ಡಿಯನ್ನು ಸದಾ ಕೆಳಕ್ಕೆ ಎಳೆಯುತ್ತಿರುತ್ತದೆ, ಹಾಗೆ ಎಳೆದಾಗ ಮೇಲಿನ ಲಿವರು ಹಲ್ಲುಗಳ ಮೇಲೆ ಒತ್ತಿ ಕೂರುತ್ತದೆ. ಕೆಳಗೆ ಎಳೆತ ಇಲ್ಲದಿದ್ದರೆ ಮೇಲೆ ಏನು ಬಗ್ಗಿಸಿದರೂ ನೀರಲ್ಲಿ ಹೋಮ.

ಬಲಗೈ ಸ್ಟೇರಿಂಗಿನಲ್ಲಿ ಕಾರ್ಬುರೇಟರೂ ಅದೇ ಬದಿ, ತಲೆ ಹೋಗುವಷ್ಟು ಜಾಗವಿಲ್ಲ. ಭಾಯ್‌ಗೆ ಟಾರ್ಚ್ ಇದ್ದರೂ ಹಿಂಬದಿ ಕಾಣುತ್ತಿರಲಿಲ್ಲ. ನನ್ನ ಬ್ಯಾಗಿನ ಪೌಡರ್ ಡಬ್ಬಿ ತೆಗೆದು ಮುಚ್ಚಳದ ಕನ್ನಡಿಯನ್ನು ಕೆಳಗೆ ಹಿಡಿದೆ. ಕನ್ನಡಿಯಲ್ಲಿ ಮೊದಲು ಕಂಡಿದ್ದು ಎಣ್ಣೆ ಮತ್ತು ಧೂಳು ಸೇರಿ ಆದ ಕಪ್ಪು ಮುದ್ದೆ. ಮೊಮ್ಮಗ ಸೀಮೆಎಣ್ಣೆ ಬ್ರಷ್ಷಿನಲ್ಲಿ ಅದನ್ನು ಉಜ್ಜಿದ. ಆಮೇಲೆ ಕಂಡಿದ್ದು ಪಿನ್ನಿನ ಜಾಗದಲ್ಲಿ ಕಟ್ಟಡದವರು ಕಂಬಿ ಕಟ್ಟುವ ಬೈಂಡಿಂಗ್ ತಂತಿ! ಯಾವನೋ ಪುಣ್ಯಾತ್ಮ ಎಂದೋ ಪಿನ್ನು ಸಿಗದೆ ತಂತಿ ಸುತ್ತಿ ಕೈತೊಳೆದಿದ್ದ. ವಾಷರು ಇರಲೇ ಇಲ್ಲ. ಸ್ಪ್ರಿಂಗು ಸುರುಳಿಗೆ ಸುರುಳಿ ಅಂಟಿಕೊಂಡು ಬಳೆಗಳ ಕಟ್ಟಿನ ಹಾಗೆ ಕೂತಿತ್ತು. “ಸತ್ತು ಹೋಗಿದೆ” ಅಂದರು ಭಾಯ್. ಕಿಡಿ ಲಿವರಿನದು ಅರೆಜೀವ.

ಎಣ್ಣೆ ಎಲ್ಲಿಂದ ಬಂತು ಅಂದರೆ ಅದೂ ನಮ್ಮದೇ ತಪ್ಪು. ಈ ಸ್ಟೇರಿಂಗ್ ಬಾಕ್ಸಿಗೆ ಹಾಕಬೇಕಾದ್ದು 600 ಡಬ್ಲ್ಯು ಅನ್ನುವ, ಜೋನಿಬೆಲ್ಲದಷ್ಟು ಮಂದವಾದ ಎಣ್ಣೆ. ನಾವು ವರ್ಷಗಳಿಂದ ಸಾಧಾರಣ ಗೇರ್ ಆಯಿಲ್ ಹಾಕುತ್ತಿದ್ದೆವು, ಅದು ಸೋರಿ ಸೋರಿ ಎಲ್ಲವನ್ನೂ ನೆನೆಸಿತ್ತು. ಇನ್ನೊಂದು, ಲಿವರು ಬಿಗಿಯಿದೆ ಅಂತ ಯಾರೂ ಮೇಲಿನ ಹಲ್ಲುಗಳಿಗೆ ಗ್ರೀಸ್ ಹಚ್ಚಬೇಡಿ. ಅಲ್ಲಿ ಬೇಕಾದ್ದು ಹಿಡಿತ. ನಾನು ಹಚ್ಚಿದ್ದೆ.

ಬಿಚ್ಚುವ ಮೊದಲು ಬ್ಯಾಟರಿ ತಂತಿ ಕಳಚಿದರು, ಯಾಕೆಂದರೆ ಕಂಬದ ಬುಡದಲ್ಲೇ ಹೆಡ್‌ಲೈಟಿನ ಸ್ವಿಚ್ಚು, ಅದರ ತಂತಿಗಳೂ ಇವೆ. ನಾನು ಪ್ರತಿ ಹೆಜ್ಜೆಗೂ ಫೋಟೋ ತೆಗೆದೆ. ಭಾಯ್‌ಗೆ ಅದು ತಮಾಷೆ, “ಮದುವೆ ಫೋಟೋನಾ ಅಮ್ಮಾ?” ಆದರೆ ಮರುದಿನ ಜೋಡಿಸುವಾಗ ಕಡ್ಡಿಯ ಕೆಳತುದಿಗೆ ಕೂರುವ ಯಾವ ತೋಳು ಯಾವ ದಿಕ್ಕಿಗೆ ಅಂತ ಅವರೇ ನನ್ನ ಫೋನ್ ಕೇಳಿದರು.

ಸ್ಪ್ರಿಂಗ್ ಮಾಡಿಸಲು ಎಸ್‌ಜೆಪಿ ರಸ್ತೆಯ ಹಿಂದಿನ ಗಲ್ಲಿಗೆ ಹೋದೆ. ಒಂದು ಹತ್ತಡಿ ಅಂಗಡಿ, ಗೋಡೆ ತುಂಬ ಸ್ಪ್ರಿಂಗಿನ ಮಾಲೆ. ಹಳೇದನ್ನು ಕೊಟ್ಟೆ. ಅಂಗಡಿಯವರು ತಂತಿಯ ದಪ್ಪ ನೋಡಿದರು, ಒಳಗಿನ ಅಗಲ ನೋಡಿದರು, ಸುತ್ತು ಎಣಿಸಿದರು. “ಉದ್ದ?” ಅಂದರು. ಅಲ್ಲಿದೆ ತೊಡಕು. ಸತ್ತ ಸ್ಪ್ರಿಂಗು ಮಿಕ್ಕಿದ್ದೆಲ್ಲ ಹೇಳುತ್ತೆ, ಬದುಕಿದ್ದಾಗ ಎಷ್ಟುದ್ದ ಇತ್ತು ಅಂತ ಹೇಳುವುದಿಲ್ಲ. ಕಡ್ಡಿಯಲ್ಲಿ ತೋಳಿನಿಂದ ಪಿನ್ನಿನ ತೂತಿಗೆ ಎಷ್ಟು ಜಾಗವಿದೆ ಅಂತ ಅಳೆದುಕೊಂಡು ಹೋಗಬೇಕಿತ್ತು. ಹೋಗಿರಲಿಲ್ಲ. ಮತ್ತೆ ಮನೆಗೆ, ಮತ್ತೆ ಅಂಗಡಿಗೆ, ಮೆಟ್ರೋದಲ್ಲಿ ಎರಡು ಸಲ. ನಮ್ಮ ಅಳತೆ ಇಲ್ಲಿ ಬರೆಯುವುದಿಲ್ಲ, ನಿಮ್ಮ ಗಾಡಿಯದನ್ನೇ ಅಳೆಯಿರಿ. ಅವರ ಸಲಹೆಯ ಮೇಲೆ ಮೆತ್ತನೆಯದು, ನಡುವಿನದು, ಗಟ್ಟಿಯದು ಅಂತ ಮೂರು ಬಗೆ, ಬಗೆಗೆ ಎರಡು. ಆರಕ್ಕೂ ಸೇರಿ 240 ರೂಪಾಯಿ. ಲಾರಿಗೆ ಕೊಟ್ಟಿದ್ದನ್ನು ನೆನೆದು ಹೊಟ್ಟೆ ಉರಿಯಿತು.

ಮೊದಲು ಗಟ್ಟಿಯದು ಹಾಕಿದೆವು. ಲಿವರು ಎಳೆದೆ. ಟಕ್. ಟಕ್. ಟಕ್. ಎಷ್ಟೋ ವರ್ಷದ ಮೇಲೆ ಆ ಸದ್ದು! ನಾನು ಕುಣಿಯುವುದೊಂದು ಬಾಕಿ. ಅಪ್ಪನನ್ನು ಕರೆದೆ. ಅಪ್ಪ ಕೂತು, ಬೆರಳು ಲಿವರಿನ ತುದಿಗೆ ಕೊಟ್ಟು ಎಳೆದರು. ಅದು ಕದಲಲಿಲ್ಲ. ಇನ್ನೊಂದು ಸಲ ಎಳೆದರು. ಅವರ ಬೆರಳ ಗಿಣ್ಣುಗಳು ಸಂಧಿವಾತದಿಂದ ಊದಿವೆ, ಅದು ನನಗೆ ಗೊತ್ತಿಲ್ಲದ್ದೇನಲ್ಲ, ಆದರೆ ಲಿವರಿನ ಲೆಕ್ಕದಲ್ಲಿ ಅದನ್ನು ಸೇರಿಸಿರಲಿಲ್ಲ. “ಚೆನ್ನಾಗಿ ಬಿಗಿಯಾಗಿದೆ ಪುಟ್ಟಿ” ಅಂದು ಎದ್ದು ಒಳಗೆ ಹೋದರು.

ಭಾಯ್ ಏನೂ ಹೇಳದೆ ಮತ್ತೆ ಬಾನೆಟ್ ಎತ್ತಿದರು.

ನಡುವಿನ ಸ್ಪ್ರಿಂಗಿಗೆ ಬದಲಾಯಿಸಿದ ಮೇಲೆ ನಾನು ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯನ್ನು ಲಿವರಿನ ತುದಿಗೆ ಸಿಕ್ಕಿಸಿ ಎಳೆದು ನೋಡಿದೆ. ಗಟ್ಟಿಯದಕ್ಕೆ ಎರಡೂವರೆ ಕಿಲೋ ಬೇಕಿತ್ತು, ಇದಕ್ಕೆ ಒಂದೂಕಾಲು. ಮೆತ್ತನೆಯದಕ್ಕೆ ಅರ್ಧ ಕಿಲೋ ಕೂಡ ಬೇಡ, ಹಂಪಿನಲ್ಲಿ ಮತ್ತೆ ಜಾರುತ್ತೆ. ಒಂದೂಕಾಲು ಕಿಲೋ ಅಪ್ಪನ ಬೆರಳಿಗೆ ಬಂತು. ಬಗ್ಗಿದ ಲಿವರನ್ನು ಭಾಯ್ ಬಟ್ಟೆ ಸುತ್ತಿ, ಬಿಸಿ ಮಾಡದೆ, ಇಷ್ಟಿಷ್ಟೇ ಹಿಂದಕ್ಕೆ ತಂದರು. ಸವೆದಿದೆ ಅಂದಿದ್ದ ಹಲ್ಲುಗಳನ್ನು ಸಣ್ಣ ಅರದಲ್ಲಿ ಎರಡೆರಡು ಸಲ ಎಳೆದಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

ಮುಗಿಯಿತು ಅಂದುಕೊಂಡೆವು. ಸ್ಟಾರ್ಟ್ ಮಾಡಿದರೆ ಲಿವರು ಇಟ್ಟ ಕಡೆ ನಿಲ್ಲುತ್ತೆ, ಎಂಜಿನ್ ಮಾತ್ರ ಒಂದು ಸಲ ಏರುತ್ತೆ, ಒಂದು ಸಲ ಇಳಿಯುತ್ತೆ. ಈಗ ಸಡಿಲ ಇದ್ದಿದ್ದು ಲಿವರಿನಿಂದ ಕಾರ್ಬುರೇಟರಿಗೆ ಹೋಗುವ ಅಡ್ಡಕಡ್ಡಿಯ ಗುಂಡುಕೀಲಿನಲ್ಲಿ. ತೋಳಿನ ತುದಿಯಲ್ಲಿ ಒಂದು ಗುಂಡು, ಕಡ್ಡಿಯ ತುದಿಯಲ್ಲಿ ಅದನ್ನು ಹಿಡಿಯುವ ಬಟ್ಟಲು. ತೊಂಬತ್ತು ವರ್ಷ ಉಜ್ಜಿ ಗುಂಡು ಕೋಳಿಮೊಟ್ಟೆಯ ಆಕಾರಕ್ಕೆ ಬಂದಿತ್ತು. ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನ ಒಂದು ಲೇತ್ ಅಂಗಡಿಯಲ್ಲಿ ಹಿತ್ತಾಳೆ ತುಂಬಿಸಿ ಅರೆದು ಮತ್ತೆ ಗುಂಡಗೆ ಮಾಡಿಸಿದೆ. 600 ರೂಪಾಯಿ, ಮತ್ತು ಸಂಕ್ರಾಂತಿ ಅಂತ ಅಂಗಡಿಯವರು ಊರಿಗೆ ಹೋಗಿದ್ದರಿಂದ ಐದು ದಿನ. ಆ ಐದು ದಿನ ಎಳ್ಳು ಬೀರಲು ಬಂದವರೆಲ್ಲ “ಕಾರು ರೆಡಿಯಾ?” ಅಂತಲೇ ಕೇಳಿದರು.

ಸಮಾರಂಭಕ್ಕೆ ಮೂರು ದಿನ ಇದೆ ಅನ್ನುವಾಗ ಅಮೆರಿಕಾದ ಪಾರ್ಸೆಲ್ಲು ಬಂತು, ಮೇಲೆ 1,900 ಸುಂಕ. ಒಡೆದು ನೋಡಿದರೆ ಅವರ ಸ್ಪ್ರಿಂಗೂ ನಮ್ಮ ನಡುವಿನ ಸ್ಪ್ರಿಂಗೂ ಅಣ್ಣತಮ್ಮ. ತಕ್ಕಡಿಗೂ ಹೆಚ್ಚುಕಡಿಮೆ ಅದೇ ತೂಕ. ಆದರೆ ಅವರ ಪಿನ್ನು ಮತ್ತು ವಾಷರು ತೂತಿಗೆ ಸರಿಯಾಗಿ ಕೂತವು, ಇಲ್ಲಿ ಸಿಕ್ಕಿದ್ದ ಮಿಲಿಮೀಟರ್ ಪಿನ್ನುಗಳು ಒಂದೋ ಲೊಡಲೊಡ, ಒಂದೋ ಹೋಗದು. ಅಡ್ಡಕಡ್ಡಿ ಎಡಗೈ ಸ್ಟೇರಿಂಗಿನದು, ನಮ್ಮದಕ್ಕೆ ಉದ್ದ ಹೊಂದಲೇ ಇಲ್ಲ. ಅದೀಗ ಅಟ್ಟದ ಮೇಲಿದೆ. ನಿಮ್ಮದೂ ಬಲಗೈ ಗಾಡಿಯಾದರೆ ಸ್ಪ್ರಿಂಗು, ಪಿನ್ನು, ವಾಷರು ಬಿಟ್ಟು ಕಡ್ಡಿ, ತೋಳು ಯಾವುದನ್ನೂ ಕ್ಯಾಟಲಾಗ್ ನೋಡಿ ತರಿಸಬೇಡಿ.

ಭಾಯ್ ನಾಲ್ಕು ದಿನದ ಕೆಲಸಕ್ಕೆ 4,000 ಕೇಳಿದರು. ಅಮ್ಮ ಹೆಚ್ಚಿಗೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ, ಮೊಮ್ಮಗನ ಕೈಗೆ ಕೊಟ್ಟ ಎಳ್ಳು ಬೆಲ್ಲದ ಪೊಟ್ಟಣ ಮಾತ್ರ ಚೀಲಕ್ಕೆ ಹೋಯಿತು. ಭಾನುವಾರ ಊಟಕ್ಕೆ ಬನ್ನಿ ಅಂತ ಅಪ್ಪ ಕರೆದರು.

ಭಾನುವಾರ ಬೆಳಗ್ಗೆ ಏಳಕ್ಕೆ ಅಪ್ಪ ರೇಷ್ಮೆ ಪಂಚೆ, ಶಲ್ಯದಲ್ಲಿ ಸ್ಟೇರಿಂಗ್ ಹಿಂದೆ ಕೂತರು. ಪೆಟ್ರೋಲಿನ ನಲ್ಲಿಯನ್ನು ತಿರುಗಿಸಿದರು. ಕಿಡಿ ಮೇಲೆ. ಗ್ಯಾಸ್ ಮೂರು ಹಲ್ಲು ಕೆಳಗೆ, ಟಕ್ ಟಕ್ ಟಕ್. ಚೋಕ್ ಎಳೆದು ಕಾಲಿನಲ್ಲಿ ಸ್ಟಾರ್ಟರ್ ಗುಂಡಿ ಒತ್ತಿದರು, ಎರಡನೇ ಸಲಕ್ಕೆ ಹತ್ತಿತು. ನಾನು ಹಿಂದಿನ ಸೀಟಿನಲ್ಲಿ ಮುಂದಕ್ಕೆ ಬಾಗಿ ಲಿವರನ್ನೇ ನೋಡುತ್ತಿದ್ದೆ. ಬೀದಿಯ ತುದಿಯ ಹಂಪಿನ ಮೇಲೆ ಮುಂದಿನ ಚಕ್ರ ಹತ್ತಿತು, ಇಳಿಯಿತು. ಹಿಂದಿನದು ಹತ್ತಿತು, ಇಳಿಯಿತು. ಅಮ್ಮನ ಕೈಯಲ್ಲಿದ್ದ ಹಣ್ಣಿನ ತಟ್ಟೆ ಗಲಗಲ ಅಂತು. ಲಿವರು ಮೂರನೇ ಹಲ್ಲಿನಲ್ಲೇ ಇತ್ತು.

ಅಪ್ಪ ಅದರ ಕಡೆ ನೋಡಲೇ ಇಲ್ಲ. ದೇವಸ್ಥಾನದ ಮುಂದೆ ನಿಲ್ಲಿಸಿ ಇಳಿಯುವಾಗ ಹಾರನ್ ಗುಂಡಿ ಒತ್ತಿ ಒಂದು ಕ್ಷಣ ಕಿವಿಗೊಟ್ಟರು. “ಹಾರನ್ ಧ್ವನಿ ಯಾಕೋ ಸೊರಗಿದೆಯಲ್ಲ ಪುಟ್ಟಿ,” ಅಂದರು, “ಆ ಭಾಯ್ ಊಟಕ್ಕೆ ಬಂದಾಗ ಒಂದು ಮಾತು ಕೇಳು.”